ಅರ್ಧ ತಾಸಿನ ದಾರಿ

ಖಾನಾಪುರ
12 ಜೂನ್ 2022, ರವಿವಾರ

ಶಿವಲಿಂಗಕ್ಕಾರಿಗೆ ಮೇಘಾಳ ಶರಣು.

ಫೋನ್ ಹಚ್ಚಿದರೆ ನಿಮಗೆ ಬರೀ ಗರಗರ ಕೇಳಿಸುತ್ತದಂತೆ. ಭಾವನವರ ಮೊಬೈಲಿಗೆ ಬರೆದು ಕಳಿಸಿದರೆ ಓದುವವರು ಅವರು, ನಿಮಗೆ ಹೇಳುವಷ್ಟರಲ್ಲಿ ಅರ್ಧ ನುಂಗಿರುತ್ತಾರೆ. ಅದಕ್ಕೇ ಪೂರ್ವಾಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕುಳಿತಿದ್ದೇನೆ. ನಾವು ನೆಗೆಣ್ಣಿಯರಿಬ್ಬರು ಹದಿನಾರು ವರ್ಷ ಒಂದೇ ಒಲೆಯ ಮುಂದೆ ನಿಂತವರು. ಪತ್ರ ಬರೆಯುವಷ್ಟು ದೂರ ಆಗುತ್ತೇವೆಂದು ನನಗೆ ಅನ್ನಿಸಿರಲಿಲ್ಲ.

ಮನೆ ಹೊಂದಿಸಿ ಮುಗಿಯಿತು. ಸ್ಟೇಶನ್ನಿನಿಂದ ಮೂರು ಕಿಲೋಮೀಟರ್ ಒಳಗಿರುವ ಹೊಸ ಬಡಾವಣೆ. ಹನ್ನೊಂದು ಮನೆಗಳು ಎದ್ದಿವೆ, ಉಳಿದ ಸೈಟುಗಳಲ್ಲಿ ಹುಲ್ಲು. ಸಂಜೆ ಮಕ್ಕಳು ರಸ್ತೆಯಲ್ಲೇ ಬ್ಯಾಡ್ಮಿಂಟನ್ ಆಡುತ್ತಾರೆ, ಗಾಡಿ ಬಂದರೆ ಗಾಡಿಯವನೇ ನಿಂತು ಕಾಯುತ್ತಾನೆ. ಬಾಜು ಮನೆಯ ಕುಂದಾ ವಹಿನಿ ಮರಾಠಿಯವರು. ಮೊದಲ ದಿನವೇ ಕಡಲೆಹಿಟ್ಟಿನ ಪಿಠಲೆ ಮಾಡಿ ತಂದುಕೊಟ್ಟರು. ಪೂರ್ವಾಳಿಗೆ ಒಂದು ಸ್ವಂತ ಖೋಲಿ ಇದೆ. ಅದರ ಬಾಗಿಲು ಹಾಕಿದರೆ ಒಳಗೆ ಏನೂ ಕೇಳಿಸುವುದಿಲ್ಲ.

ಬೆಳಗಾವಿಯ ಕಣಬರ್ಗಿ, ಮಚ್ಛೆ, ಅನಗೋಳ ಎಲ್ಲ ನೋಡಿ, ಕಡೆಗೆ ನಾವಿಬ್ಬರೂ ಕೂಡಿಯೇ ಇದನ್ನು ಆರಿಸಿದೆವು. ಹೋಗಿಬರುವ ಚಿಂತೆ ನೀವು ಮಾಡಬೇಡಿ. ಬೆಳಗಿನ ರೈಲು ಹತ್ತಿದರೆ ಬೆಳಗಾವಿಗೆ ಅರ್ಧ ತಾಸು. ಸೈಟು ತೋರಿಸಿದ ಏಜೆಂಟ್ ಸಿದರಾಯ ಹೇಳಿದ್ದು ಖರೇ ಇದೆ: "ಅರ್ಧಾ ತಾಸಿನ ದಾರಿ ರೀ ಅಕ್ಕಾರ. ಬೆಳಗಾಂವದಾಗ ಇದ್ದವ್ರೂ ರೈಲ್ವೆ ಗೇಟ್ ಬಿದ್ದಾಗ ಇಷ್ಟ ಹೊತ್ತು ನಿಂತಿರ್ತಾರ." ನಾನು ಕಾಲೇಜ್ ರೋಡಿನ ಲ್ಯಾಬಿಗೆ, ನಿಮ್ಮ ಮೈದುನ ಮೋಟರ್ ಸೈಕಲ್ ಮೇಲೆ ಆಟೋ ನಗರದ ಕಾರಖಾನೆಗೆ. ಪೂರ್ವಾ ಒಂಬತ್ತನೆಯ ಇಯತ್ತೆ, ಶಾಲೆ ಬದಲಿಸಿಲ್ಲ. ಜೂಡೋ ಕ್ಲಾಸೂ ಬಿಟ್ಟಿಲ್ಲ. ಸಂಜೆ ಅದನ್ನು ಮುಗಿಸಿ ನನ್ನ ಸಂಗಡ ಬಸ್ಸಿಗೆ ಬರುತ್ತಾಳೆ.

ಹೊರಡುವ ದಿನ ಭಾವನವರು ಬಾಗಿಲಲ್ಲಿ ನಿಂತು, "ಹೋಗೋರು ಹೋಗ್ರಿ. ನಾಳೆ ಹೊಳ್ಳಿ ಬಂದು ಖೋಲಿ ಕೇಳಬ್ಯಾಡ್ರಿ" ಎಂದದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಹಾಗೆಂದು ಅವರಿಗೆ ಹೇಳಿ.

ನಿಮ್ಮ
ಮೇಘಾ


ಶಹಾಪುರ, ಬೆಳಗಾವಿ
25 ಜೂನ್ 2022

ಪ್ರೀತಿಯ ಮೇಘಾಳಿಗೆ ಶಿವಲಿಂಗವ್ವನ ಆಶೀರ್ವಾದ.

ನನ್ನ ಅಕ್ಷರ ನೋಡಿ ನಗಬೇಡ. ಏಳನೆಯ ಇಯತ್ತೆ ಬಿಟ್ಟ ಮೇಲೆ ನಾನು ಬರೆದದ್ದು ಸೀರೆಗೆ ಹಚ್ಚುವ ಚೀಟಿಗಳನ್ನು ಮಾತ್ರ. ನಿನ್ನ ಪತ್ರವನ್ನು ಪೋಸ್ಟಿನವನು ನಿಮ್ಮ ಭಾವನವರ ಕೈಯಲ್ಲಿ ಕೊಟ್ಟ. ಅವರು ಒಡೆಯದೆ ನನ್ನ ತೊಡೆಯ ಮೇಲೆ ಇಟ್ಟು, ಹಿತ್ತಿಲಿಗೆ ಹೋಗಿ ನಿಂತರು. ಓದಿ ಮುಗಿಸುವ ತನಕ ಒಳಗೆ ಬರಲಿಲ್ಲ. "ಹೆಂಗದಾರಂತ?" ಎಂದರು. "ಛಲೋ ಅದಾರಂತ" ಎಂದೆ. ಅಷ್ಟೇ.

ನಿಮ್ಮ ಖೋಲಿಯಲ್ಲಿ ಈಗ ನೂಲಿನ ಚೀಲ ಒಟ್ಟಿದ್ದಾರೆ. ಮಾಳಿಗೆಯ ತನಕ ಬಂದಿವೆ. ಜಾಗ ಆಯಿತು ಎನ್ನುತ್ತಾರೆ.

ನನ್ನ ಕಿವಿಯ ಯಂತ್ರದ ಬಗ್ಗೆ ಯಾರು ಕೇಳಿದರೂ ಛಲೋ ಇದೆ ಎಂದು ಹೇಳು. ಫೋನಿನ ಧ್ವನಿಯೊಂದು ಒಡೆದು ಬರುತ್ತದೆ ಅಷ್ಟೇ. ಎದುರಿಗೆ ಕುಳಿತವರದು ಎಲ್ಲ ಕೇಳಿಸುತ್ತದೆ. ಮೊನ್ನೆ ಓಣಿಯ ನಿಂಗವ್ವ ಬಂದು, ಮನೆಯ ಆರೂ ಮಗ್ಗ ನಡೆದಿರುವಾಗಲೇ ತನ್ನ ಸೊಸೆಯ ಮೇಲೆ ಒಂದು ತಾಸು ದೂರು ಹೇಳಿದಳು. ಒಂದಕ್ಷರ ಬಿಡದೆ ತಿಳಿಯಿತು. ತಿಳಿಯದಿದ್ದರೆ ಛಲೋ ಇತ್ತು.

ನಿಮಗೆ ಅಲ್ಲಿ ಸುಖವಾದರೆ ನಮಗೂ ಸುಖ. ನಿಮ್ಮ ಮನೆಯಲ್ಲಿ ಮಗ್ಗದ ಸದ್ದಿಲ್ಲ, ನನ್ನಂಥವಳಿಗೆ ಕೂಗಿ ಹೇಳುವ ಕೆಲಸವಿಲ್ಲ. ಹುಡುಗಿಯ ಅಭ್ಯಾಸ ಚೆನ್ನಾಗಿ ಆಗಲಿ. ಅವಳ ಹೊಟ್ಟೆಗೆ ಮಾತ್ರ ಸರಿಯಾಗಿ ಹಾಕು. ಕುಸ್ತಿ ಆಡುವ ಹುಡುಗಿ.

ಶಿವಲಿಂಗವ್ವ


ಖಾನಾಪುರ
20 ನವೆಂಬರ್ 2022

ಅಕ್ಕಾರಿಗೆ ಶರಣು.

ಮೊದಲು ಸಿಹಿ ಸುದ್ದಿ. ಪೂರ್ವಾ ಜಿಲ್ಲಾ ಮಟ್ಟದಲ್ಲಿ ಮೊದಲ ಸ್ಥಾನ ಪಡೆದಳು. ನಲವತ್ತೆಂಟು ಕಿಲೋ ಗುಂಪು. ಫೈನಲ್ಲಿನಲ್ಲಿ ರಸಿಕಾ ಎಂಬ ಹುಡುಗಿಯನ್ನು ಒಂದೂವರೆ ನಿಮಿಷದಲ್ಲಿ ನೆಲಕ್ಕೆ ಹಾಕಿದಳು. ರಸಿಕಾ ಅವಳ ಗೆಳತಿಯೇ, ಒಂದೇ ಕ್ಲಾಸಿನವರು. ಆಟ ಮುಗಿದ ಮೇಲೆ ಇಬ್ಬರೂ ಒಂದೇ ಬಾಟಲಿಯ ನೀರು ಕುಡಿಯುತ್ತ ಕುಳಿತಿದ್ದರು. ಕೋಚ್ ಮೇಡಂ ನನ್ನನ್ನು ಬದಿಗೆ ಕರೆದು, "ಈ ಹುಡುಗಿನ್ನ ನಡಬರಕ ಬಿಡಿಸಬ್ಯಾಡ್ರಿ. ಭಾಳ ದೂರ ಹೋಗತಾಳ" ಎಂದರು.

ನಾನು ಐದಕ್ಕೆ ಲ್ಯಾಬಿನಿಂದ ಬಿಟ್ಟು ಕ್ರೀಡಾಂಗಣದ ಕಟ್ಟೆಯ ಮೇಲೆ ಕುಳಿತು ಅವಳ ದಾರಿ ಕಾಯುತ್ತೇನೆ. ಏಳೂವರೆಗೆ ಮುಗಿಯುತ್ತದೆ. ಆಮೇಲೆ ಬಸ್ ಸ್ಟ್ಯಾಂಡ್, ಬಸ್ಸು, ಖಾನಾಪುರದಲ್ಲಿ ಇಳಿದು ಆಟೋ. ಮನೆ ಮುಟ್ಟುವಾಗ ಒಂಬತ್ತೂವರೆ ಆಗುತ್ತದೆ. ಪೂರ್ವಾ ಬಸ್ಸಿನಲ್ಲೇ ಹೋಂವರ್ಕ್ ಮಾಡುತ್ತಾಳೆ, ಅಕ್ಷರ ಅಡ್ಡಾದಿಡ್ಡಿ ಬರುತ್ತವೆ ಎಂದು ಶಾಲೆಯಲ್ಲಿ ಬೈಸಿಕೊಂಡಳು. ಎಲ್ಲ ರೂಢಿಯಾಗಿದೆ. ಇಲ್ಲಿಂದ ದಿನಾ ಹೋಗಿಬರುವವರು ನೂರಾರು ಜನ ಇದ್ದಾರೆ, ನಾವೇನು ದೊಡ್ಡವರಲ್ಲ.

ರೊಟ್ಟಿ ಈಗ ರವಿವಾರ ಮಾತ್ರ ಬಡಿಯುತ್ತೇನೆ. ಉಳಿದ ದಿನ ಕುಂದಾ ವಹಿನಿಯ ಮನೆಯಿಂದ ಚಪಾತಿ ಬರುತ್ತವೆ.

ನಿಮ್ಮ ಮೈದುನ ಆರಾಮ ಇದ್ದಾರೆ. ಹೈವೇ ಅಗಲವಾಗಿದೆ, ಗಾಡಿ ಹೊಡೆಯಲು ತ್ರಾಸಿಲ್ಲ ಎನ್ನುತ್ತಾರೆ.

ಮೇಘಾ


ಶಹಾಪುರ
22 ಜನವರಿ 2023

ಮೇಘಾ,

ಸಂಕ್ರಾಂತಿಗೆ ಬಂದು ಒಂದು ತಾಸೂ ಕೂಡಲಿಲ್ಲ. ಎಳ್ಳುಬೆಲ್ಲದ ಡಬ್ಬಿಯನ್ನು ಇಲ್ಲೇ ಮರೆತು ಹೋದಿರಿ. ನೀನು ಮಾತಾಡುವಾಗಲೆಲ್ಲ ಗಡಿಯಾರ ನೋಡುತ್ತಿದ್ದೆ. ನನ್ನ ಮೈದುನ ಅಮರ ಗೋಡೆಗೆ ಆನಿಕೊಂಡು ಕುಳಿತಲ್ಲೇ ಮಲಗಿಬಿಟ್ಟ. ನಿಮ್ಮ ಭಾವನವರು ಅವನ ತಲೆಯ ಕೆಳಗೆ ದಿಂಬು ಇಡಲು ಹೋಗಿ, ಅವನು ಎದ್ದುಬಿಟ್ಟಾನು ಎಂದು ಹಿಂದೆ ಸರಿದರು.

ನೀನು ಬಹಳ ಸೊರಗಿದ್ದೀ. ಕೇಳಿದರೆ "ಏನಿಲ್ರಿ ಅಕ್ಕಾರ" ಎನ್ನುತ್ತೀ. ಪೂರ್ವಾಳ ಪದಕವನ್ನು ದೇವರ ಜಗಲಿಯ ಮೇಲೆ ಇಟ್ಟು ವಿಭೂತಿ ಹಚ್ಚಿದೆ. ಅವಳು ನಾಚಿಕೊಂಡು ಓಡಿಹೋದಳು.

ಹುಡುಗಿಗೆ ಸುಸ್ತು ಆದ ದಿನ ಅವಳನ್ನು ಇಲ್ಲಿ

ಮೇಲಿನ ಸಾಲನ್ನು ಹೊಡೆದುಹಾಕಿದ್ದೇನೆ, ಓದಬೇಡ. ನಿಮ್ಮ ಮನೆ ನಿಮಗೆ ಇದೆ. ನಾವು ಅಡ್ಡ ಬಾಯಿ ಹಾಕಬಾರದು. ಒಮ್ಮೆ ನಿಮ್ಮನ್ನು ತಡೆಯಲು ಹೋಗಿ ಮನಸ್ಸು ಕೆಟ್ಟದ್ದು ಸಾಕು.

ಡಬ್ಬಿ ಕಳಿಸುತ್ತೇನೆ.

ಶಿವಲಿಂಗವ್ವ


ಖಾನಾಪುರ
9 ಜುಲೈ 2023

ಶಿವಲಿಂಗಕ್ಕಾರಿಗೆ,

ಪತ್ರ ತಡವಾಯಿತು. ಲ್ಯಾಬಿನಲ್ಲಿ ನನ್ನ ಪಾಳಿ ಬದಲಾಗಿದೆ. ಈಗ ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಮಧ್ಯಾಹ್ನ ಮೂರಕ್ಕೆ ಬಿಡುತ್ತಾರೆ. ಪೂರ್ವಾಳಿಗೆ ಈ ವರ್ಷ ಹತ್ತನೆಯ ಇಯತ್ತೆ. ಜೂಡೋ ಬಿಟ್ಟಿದ್ದಾಳೆ. ಅವಳೇ ಬೇಡವೆಂದಳು.

ನಮ್ಮಿಂದ ಯಾರಿಗೂ ತೊಂದರೆ ಆಗಬಾರದು ಎಂದು ಮೊದಲಿನಿಂದಲೂ ನಡೆದುಕೊಂಡಿದ್ದೇವೆ. ಇನ್ನು ಮುಂದೆಯೂ ಹಾಗೆಯೇ ಇರುತ್ತೇವೆ.

ಭಾವನವರಿಗೆ ಶರಣು.

ಮೇಘಾ


ಶಹಾಪುರ
30 ಜುಲೈ 2023

ಮೇಘಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಯಾರಿಗೆ ಯಾರಿಂದ ತೊಂದರೆ? ನನಗೆ ತಿಳಿಯಲಿಲ್ಲ. ನಾನು ಹೊಡೆದುಹಾಕಿದ ಸಾಲಿಗೆ ನಿನಗೆ ಬೇಜಾರಾಯಿತೇ?

ಹುಡುಗಿ ಆಟ ಯಾಕೆ ಬಿಟ್ಟಳು? ಮೊನ್ನೆ ಜೂನಿನಲ್ಲಿ ಶಾಲೆ ಬಿಟ್ಟ ಮೇಲೆ ಒಬ್ಬಳೇ ಬಂದಿದ್ದಳು. ಆಗಲೂ ಏನೂ ಹೇಳಲಿಲ್ಲವಲ್ಲ! ಶೇಂಗಾದ ಉಂಡಿ ಕೊಟ್ಟೆ, ತಿಂದಳು. ಬಹಳ ಹೊತ್ತು ಮಾತಾಡಿದೆವು. ಅವಳಿಗೆ ಇನ್ನೂ ಕೂಡುವ ಮನಸ್ಸಿತ್ತು. ನಾನೇ, "ಬ್ಯಾಡವ್ವಾ, ಕತ್ತಲಾಕ್ಕೈತಿ, ಮನಿಗೆ ಹೋಗು. ನಿಮ್ಮವ್ವ ದಾರಿ ಕಾಯತಾಳ" ಎಂದು ಕಳಿಸಿದೆ. ಹೋಗುವಾಗ ತಿರುಗಿ ನೋಡಲಿಲ್ಲ. ಬಸ್ಸಿನ ಗಡಿಬಿಡಿ ಎಂದುಕೊಂಡೆ.

ಅವಳು ಮತ್ತೆ ಯಾವಾಗ ಬರುತ್ತಾಳೆ? ಬರೆ.

ಶಿವಲಿಂಗವ್ವ


ಶಹಾಪುರ
5 ನವೆಂಬರ್ 2023

ಮೇಘಾ,

ಎರಡು ಪತ್ರ ಹಾಕಿದೆ, ಉತ್ತರ ಬರಲಿಲ್ಲ. ಪೋಸ್ಟಿನವನನ್ನು ಕೇಳಿದರೆ, "ಮುಟ್ಟಿರಬೇಕ್ರಿ ಆಯೀ" ಎಂದು ಕೈ ತಿರುಗಿಸುತ್ತಾನೆ.

ದೀಪಾವಳಿಗೆ ಬರುತ್ತೀರಾ? ಪೂರ್ವಾಳಿಗೆ ಒಂದು ಲಂಗ ದಾವಣಿಯ ಬಟ್ಟೆ ತೆಗೆದಿಟ್ಟಿದ್ದೇನೆ. ನಮ್ಮ ಮಗ್ಗದ್ದೇ.

ಶಿವಲಿಂಗವ್ವ


ಖಾನಾಪುರ
18 ಫೆಬ್ರುವರಿ 2025

ಶಿವಲಿಂಗಕ್ಕಾರಿಗೆ,

ಒಂದೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಪತ್ರಗಳೆಲ್ಲ ಮುಟ್ಟಿದವು. ಉತ್ತರ ಬರೆಯಲಿಲ್ಲ. ಬರೆದರೆ ಕೆಟ್ಟ ಮಾತು ಬರುತ್ತದೆ ಎಂದು ಬಾಯಿ ಕಟ್ಟಿಕೊಂಡಿದ್ದೆ. ಇಂದು ಆಗುವುದಿಲ್ಲ.

ಪೂರ್ವಾ ಈಗ ಇಲ್ಲೇ ಖಾನಾಪುರದ ಕಾಲೇಜಿನಲ್ಲಿ ಪಿಯುಸಿ ಕಾಮರ್ಸ್ ಓದುತ್ತಿದ್ದಾಳೆ. ನಿನ್ನೆ ಅವಳ ಮೇಜು ಒರೆಸುವಾಗ ಅಕೌಂಟೆನ್ಸಿ ಪುಸ್ತಕದಿಂದ ಪೇಪರಿನ ತುಣುಕೊಂದು ಬಿತ್ತು. ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ರಸಿಕಾಳ ಫೋಟೋ. ರಾಷ್ಟ್ರಮಟ್ಟದ ಜೂಡೋದಲ್ಲಿ ಬೆಳ್ಳಿ ಪದಕ. ಅದೇ ರಸಿಕಾ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿರುವಾಗ ಪೂರ್ವಾ ಒಳಗೆ ಬಂದಳು.

"ಏನಿದು?" ಎಂದೆ.

"ರಸಿಕಾ ಅವ್ವಾ. ಛಲೋ ಆಡ್ಯಾಳ" ಎಂದಳು. ತುಣುಕನ್ನು ನನ್ನ ಕೈಯಿಂದ ತೆಗೆದುಕೊಂಡು, ಮತ್ತೆ ಪುಸ್ತಕದಲ್ಲಿಟ್ಟು, ಒಣಗಿದ ಬಟ್ಟೆ ಮಡಚಲು ಹೋದಳು. ಅತ್ತಿದ್ದರೆ ನಾನು ನಿಮಗೆ ಈ ಪತ್ರ ಬರೆಯುತ್ತಿರಲಿಲ್ಲ.

ಅಕ್ಕಾರ, ಅವಳು ಜೂಡೋ ಬಿಟ್ಟದ್ದು ತನ್ನ ಮನಸ್ಸಿನಿಂದಲ್ಲ. 2023ರ ಜೂನಿನಲ್ಲಿ ರಾಜ್ಯ ತಂಡದ ಆಯ್ಕೆಗೆ ಆರು ವಾರದ ತಯಾರಿ ಇತ್ತು. ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಎಂಟರ ತನಕ. ಖಾನಾಪುರದಿಂದ ಅದು ಆಗುವ ಮಾತಲ್ಲ. ನನ್ನ ಪಾಳಿ ಬದಲಾಗಿತ್ತು, ಇವರದು ಆಟೋ ನಗರ. "ಈ ವರ್ಷ ಬಿಡು" ಎಂದೆ. "ದೊಡ್ಡವ್ವನ ಮನ್ಯಾಗ ಇರ್ತೀನಿ" ಎಂದಳು. "ಅವರನ್ನ ಕೇಳಬ್ಯಾಡ. ನಿಮ್ಮ ದೊಡ್ಡಪ್ಪ ಅಂದ ಮಾತು ನೆನಪಿಲ್ಲೇನು? ಖೋಲಿ ತುಂಬ ನೂಲು ಹಾಕ್ಯಾರ" ಎಂದು ನಾನೇ ತಡೆದೆ.

ಅವಳು ನನಗೆ ಹೇಳದೆ ನಿಮ್ಮ ಹತ್ತಿರ ಬಂದಳು. "ದೊಡ್ಡವ್ವಾ, ಆರು ವಾರ ನಿಮ್ಮ ಮನ್ಯಾಗ ಇರ್ಲೇನು? ನೂಲಿನ ಚೀಲದ ಬಾಜೂಕ ಮಕ್ಕೋತೀನಿ" ಎಂದು ಕೇಳಿದಳು. ನೀವು "ಬ್ಯಾಡವ್ವಾ, ಮನಿಗೆ ಹೋಗು" ಎಂದಿರಿ. ಆಮೇಲೆ ಅದನ್ನೇ ಏನೂ ಆಗದವರಂತೆ ನನಗೆ ಪತ್ರದಲ್ಲಿ ಬರೆದಿರಿ.

ಆ ಸಂಜೆ ಮನೆಗೆ ಬಂದು ನನಗೆ ಎಲ್ಲ ಹೇಳಿ, ತನ್ನ ಜೂಡೋದ ಬಿಳಿ ಅಂಗಿಯನ್ನು ಒಗೆದು ಹಾಕಿದಳು. ಮರುದಿನ ಅದನ್ನು ಟ್ರಂಕಿನಲ್ಲಿಟ್ಟಳು. ಕಳೆದ ವರ್ಷ ನೆಂಟರೊಬ್ಬರ ಮದುವೆಯಲ್ಲಿ ಭೇಟಿಯಾದಾಗ ನೀವು ಅವಳನ್ನು ಅಪ್ಪಿಕೊಂಡಿರಿ. ಅವಳು ಕಟ್ಟಿಗೆಯಂತೆ ನಿಂತಿದ್ದನ್ನು ನೋಡಿದಿರಾ?

ಭಾವನವರು ಬೇಡವೆಂದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ನೀವು ಯಾಕೆ ಬೇಡವೆಂದಿರಿ?

ಮೇಘಾ


ಶಹಾಪುರ
2 ಮಾರ್ಚ್ 2025

ಮೇಘಾ,

ನನಗೆ ಕೇಳಿಸಲಿಲ್ಲ.

ಇದೊಂದು ಮಾತನ್ನು ಬರೆದು ಎರಡು ದಿನ ಕಾಗದವನ್ನು ಹಾಗೆಯೇ ಇಟ್ಟಿದ್ದೆ. ಇಂದು ಮುಂದೆ ಬರೆಯುತ್ತೇನೆ.

ಪೂರ್ವಾ ಬಂದಾಗ ಸಂಜೆ ನಾಲ್ಕೂವರೆ. ಮಗ್ಗ ನಡೆದಿದ್ದವು. ನೂಲಿನ ವ್ಯಾಪಾರಿ ರಾಯಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ. ಹುಡುಗಿ ಉಂಡಿ ತಿಂದಳು, ಶಾಲೆಯ ಮಾತು ಹೇಳಿದಳು. ಅಷ್ಟು ನನಗೆ ತಿಳಿಯಿತು, ಯಾಕೆಂದರೆ ನನ್ನ ಮುಖಕ್ಕೆ ಮುಖ ಕೊಟ್ಟು ಕುಳಿತಿದ್ದಳು. ಆಮೇಲೆ ಹೊಸ್ತಿಲ ಮೇಲೆ ಕುಳಿತು ಬೂಟಿನ ಲಾಡಿ ಕಟ್ಟತೊಡಗಿದಳು. ತಲೆ ಬಗ್ಗಿಸಿಯೇ ಏನೋ ಕೇಳಿದಳು. ದವಡೆ ಅಲುಗಿದ್ದು ಕಂಡಿತು, ತುಟಿ ಕಾಣಲಿಲ್ಲ.

ಮೇಘಾ, ನನಗೆ ಏನೂ ಕೇಳಿಸುವುದಿಲ್ಲ. ಐದು ವರ್ಷದ ಮೇಲಾಯಿತು. ಮೂವತ್ತು ವರ್ಷ ಮಗ್ಗದ ಬಾಯಲ್ಲಿ ಕಿವಿ ಇಟ್ಟವರಿಗೆ ಇಷ್ಟೇ ಉಳಿಯುತ್ತದೆ ಎಂದು ಡಾಕ್ಟರು ಅಂದೇ ಹೇಳಿದ್ದರು. ಯಂತ್ರ ಹಾಕಿದರೆ ತಲೆಯಲ್ಲಿ ಒಂದು ಗುಂಯ್ ಶುರುವಾಗುತ್ತದೆ, ಮಾತು ಬರುವುದಿಲ್ಲ. ಅದಕ್ಕೆ ಸೆಲ್ ಹಾಕುವುದನ್ನೇ ಬಿಟ್ಟಿದ್ದೇನೆ. ಮಂದಿಗೆ ಕಾಣಲಿ ಎಂದು ಕಿವಿಗೆ ಸಿಕ್ಕಿಸಿಕೊಂಡು ತಿರುಗುತ್ತೇನೆ. ಮಗ್ಗದ ಮನೆಯ ಹೆಂಗಸರೆಲ್ಲ ಸದ್ದಿನಲ್ಲಿ ತುಟಿ ನೋಡಿಯೇ ಮಾತಾಡುವವರು, ಆ ರೂಢಿಯೇ ನನ್ನನ್ನು ಇಷ್ಟು ದಿನ ಮುಚ್ಚಿಟ್ಟಿತು. ನೀವೆಲ್ಲ ಒಂದೇ ಮನೆಯಲ್ಲಿ ಇದ್ದಾಗಲೂ ನಿಮಗೆ ಪೂರಾ ತಿಳಿಯದಂತೆ ನಡೆಸಿದೆ.

"ಏನಂದಿ? ಇನ್ನೊಮ್ಮಿ ಹೇಳು" ಎನ್ನಬಹುದಿತ್ತು. ರಾಯಪ್ಪ ಎದುರಿಗಿದ್ದ. ಅವನು ಹಿಂದೊಮ್ಮೆ ನಿಮ್ಮ ಭಾವನವರಿಗೆ, "ನಿಮ್ಮ ಕಿವುಡಿಗೆ ಬ್ಯಾರೇ ಗಂಟಿ ಕಟ್ಟ್ರಿ" ಎಂದು ನಗುತ್ತ ಹೇಳಿದ್ದನ್ನು ನಾನು ಅವನ ತುಟಿಯಿಂದ ಓದಿದ್ದೆ. ಅವನ ಮುಂದೆ ಕೇಳಲು ನಾಚಿಕೆಯಾಯಿತು. ಪೂರ್ವಾ ಸಣ್ಣವಳಿದ್ದಾಗ ಶಾಲೆಯಿಂದ ಬಂದವಳೇ "ದೊಡ್ಡವ್ವಾ, ಕಂಡಿಕಿ ಸುತ್ತಲೇನು?" ಎನ್ನುತ್ತಿದ್ದಳಲ್ಲ, ನೂಲು ಸುತ್ತುವುದೆಂದರೆ ಅವಳಿಗೆ ಆಟ. ಅದನ್ನೇ ಕೇಳಿರಬೇಕು ಎಂದುಕೊಂಡೆ. ಹೊತ್ತಾಗುತ್ತದೆ, ಬಸ್ಸು ತಪ್ಪೀತು ಎಂದು "ಬ್ಯಾಡವ್ವಾ" ಎಂದುಬಿಟ್ಟೆ. ನಕ್ಕು ಹೇಳಿದೆ, ಅದೂ ನೆನಪಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆ ಮುಖ ನೋಡಿಯಾದರೂ ನನಗೆ ತಿಳಿಯಬೇಕಿತ್ತು.

ನಿಮ್ಮ ಭಾವನವರಿಗೆ ಮೊನ್ನೆ ಎಲ್ಲ ಹೇಳಿದೆ. ನನಗೆ ಅಲ್ಪಸ್ವಲ್ಪ ಕೇಳಿಸುತ್ತದೆ ಎಂದೇ ಅವರೂ ತಿಳಿದಿದ್ದರು. "ನಾ ಅವತ್ತ ಹಂಗ ಅನಲಿಲ್ಲ ಅಂದ್ರ ಹುಡುಗಿ ಸೀದಾ ನನಗ ಕೇಳತಿತ್ತು" ಎಂದರು. ಆಮೇಲೆ ಎದ್ದು ನಿಮ್ಮ ಖೋಲಿಯ ಚೀಲಗಳನ್ನು ಒಂದೊಂದೇ ಹೊತ್ತು ಹೊರಗೆ ತಂದರು. ಕೂಲಿಯವರನ್ನು ಕರೆಯೋಣವೆಂದರೆ ಕೇಳಲಿಲ್ಲ. ಅವರು ಆ ಚೀಲಗಳನ್ನು ಒಟ್ಟಿದ್ದು ಜಾಗಕ್ಕಲ್ಲ ಮೇಘಾ. ನಿಮ್ಮ ಖಾಲಿ ಖೋಲಿಯ ಮುಂದೆ ಅಡ್ಡಾಡಲು ಅವರಿಗೆ ಆಗುತ್ತಿರಲಿಲ್ಲ. ಅದನ್ನು ನಾನು ಅಂದೇ ಬರೆಯಬಹುದಿತ್ತು, ಬರೆಯಲಿಲ್ಲ. ಬಿಟ್ಟುಹೋದವರಿಗೆ ಯಾಕೆ ಬರೆಯಲಿ ಎಂಬ ಬಿಂಕ.

ನಾನು ಕಿವುಡಿ ಎಂಬ ಕಾರಣಕ್ಕೇ ನೀವು ಮನೆ ಬಿಟ್ಟಿರಿ ಎಂದು ತಿಳಿದಿದ್ದೆ. ಇನ್ನೂ ಹೆಚ್ಚು ಕಿವುಡಿ ಎಂದು ಹೇಗೆ ಹೇಳಲಿ?

ಪೂರ್ವಾಳಿಗೆ ಈ ಪತ್ರ ತೋರಿಸು. ಈಗಲೂ ಬರಲಿ. ಆರು ವಾರವಲ್ಲ, ಎಷ್ಟು ವರ್ಷವಾದರೂ ಇರಲಿ.

ಶಿವಲಿಂಗವ್ವ


ಖಾನಾಪುರ
6 ಏಪ್ರಿಲ್ 2025

ಅಕ್ಕಾ,

ಪತ್ರವನ್ನು ಪೂರ್ವಾಳ ಕೈಯಲ್ಲಿ ಕೊಟ್ಟೆ. ಎರಡು ಸಲ ಓದಿದಳು. "ನಾ ಇನ್ನೊಮ್ಮಿ ಕೇಳಬೇಕಾಗಿತ್ತು ಅವ್ವಾ. ಮಾರಿ ನೋಡಿ ಕೇಳಬೇಕಾಗಿತ್ತು" ಎಂದಳು. ಹದಿನಾರು ವರ್ಷದ ಹುಡುಗಿ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ನಾವು ದೊಡ್ಡವರೆಲ್ಲ ಇಷ್ಟು ವರ್ಷ ಏನು ಮಾಡುತ್ತಿದ್ದೆವು?

ನಿಮ್ಮನ್ನು ಕೇಳಿದ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳಬೇಕಿತ್ತು. ಮೊದಲ ಪತ್ರದಲ್ಲಿ, ಇಬ್ಬರೂ ಕೂಡಿ ಮನೆ ಆರಿಸಿದೆವು ಎಂದು ಬರೆದಿದ್ದೆ. ಅದು ಸುಳ್ಳು. ಇವರಿಗೆ ಕಣಬರ್ಗಿಯ ಮನೆ ಹಿಡಿಸಿತ್ತು. ಆಟೋ ನಗರ ಅಲ್ಲಿಂದ ಹತ್ತು ನಿಮಿಷ, ಕ್ರೀಡಾಂಗಣಕ್ಕೆ ಸಿಟಿ ಬಸ್ಸು ಇತ್ತು. ಎರಡು ಸಲ ನನ್ನನ್ನು ಕರೆದುಕೊಂಡು ಹೋದರು. ಅಡಿಗೆಮನೆಯ ಕಿಟಕಿ ಬಾಜು ಮನೆಯ ಗೋಡೆಗೆ ತೆರೆಯುತ್ತದೆ ಎಂದು ಬೇಡವೆಂದೆ. ಖರೇ ಕಾರಣ ಅದಲ್ಲ. ಅದು ನಿಮ್ಮ ಮನೆಗೆ ಬಹಳ ಹತ್ತಿರ ಇತ್ತು.

ಸಿಟ್ಟಾಗಬೇಡಿ. ನಿಮ್ಮ ಮೇಲೆ ಅಸಹ್ಯ ಇರಲಿಲ್ಲ. ಮಗ್ಗದ ಮನೆಯಲ್ಲಿ ಯಾವ ಮಾತನ್ನೂ ಮೆತ್ತಗೆ ಆಡಲು ಬರುತ್ತಿರಲಿಲ್ಲ. ಗಂಡನಿಗೆ "ನನಗ ಇವತ್ತ ಸಾಕಾಗೈತಿ" ಎನ್ನಬೇಕಾದರೂ ಕೂಗಬೇಕು, ಇಡೀ ಮನೆಗೆ ಗೊತ್ತಾಗಬೇಕು. ಹದಿನಾರು ವರ್ಷ ಕೂಗಿ ನನ್ನ ಗಂಟಲು ಸೋತಿತ್ತು. ಮೆತ್ತಗೆ ಮಾತಾಡುವ ಒಂದು ಮನೆ ಬೇಕಿತ್ತು, ಅಷ್ಟೇ. ಖಾನಾಪುರದ ರಸ್ತೆಯಲ್ಲಿ ಮಕ್ಕಳು ಆಡುವುದನ್ನು ನೋಡಿ ಅಂದೇ ಸಿದರಾಯನಿಗೆ ಹೂಂ ಎಂದೆ. ರೈಲಿನ ಅರ್ಧ ತಾಸು ಖರೇ. ಮನೆಯಿಂದ ಸ್ಟೇಶನ್, ಅಲ್ಲಿ ಕಾಯುವುದು, ಬೆಳಗಾವಿಯಲ್ಲಿ ಇಳಿದ ಮೇಲಿನದು, ಇದನ್ನೆಲ್ಲ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಮನೆ ಬೇಡವೆನ್ನಬೇಕಾಗುತ್ತಿತ್ತು.

ಮೊದಲ ವರ್ಷವೇ ಇವರು, "ಮೇಘಾ, ಇದನ್ನ ಬಾಡಗಿ ಕೊಟ್ಟು ಊರಾಗ ಒಂದು ಸಣ್ಣ ಮನಿ ಹಿಡಿಯೂಣು" ಎಂದಿದ್ದರು. "ವರ್ಷ ತುಂಬೂದ್ರಾಗ ಹೊಳ್ಳಿ ಹೋದ್ರ ನಿಮ್ಮ ಅಣ್ಣಾರ ಮುಂದ ಮಾರಿ ಹೆಂಗ ತೋರಸೂದು?" ಎಂದು ಜಗಳ ತೆಗೆದೆ. ಆ ಮೇಲೆ ಅವರು ಆ ಮಾತು ಎತ್ತಲಿಲ್ಲ. ಸಂಜೆ ಬಂದವರು ಕುರ್ಚಿಯಲ್ಲಿ ಕುಳಿತಲ್ಲೇ ಮಲಗುತ್ತಾರೆ. ಮೆತ್ತಗೆ ಮಾತಾಡುವ ಮನೆ ಸಿಕ್ಕಿತು ಅಕ್ಕಾ, ಮಾತಾಡಲು ಎಚ್ಚರ ಇರುವವರು ಯಾರೂ ಇಲ್ಲ.

ಕಳೆದ ರವಿವಾರ ಕೋಚ್ ಮೇಡಂ ಅವರನ್ನು ಕಂಡು ಬಂದೆ. "ಅಡ್ಡಿ ಇಲ್ರಿ, ಕರಕೊಂಡು ಬರ್ರಿ. ಆದ್ರ ಎರಡು ವರ್ಷ ಬಿಟ್ಟ ಮೈ ಅದ. ರಾಜ್ಯ, ರಾಷ್ಟ್ರ ಅಂತ ಆಸೆ ಹಚ್ಚಬ್ಯಾಡ್ರಿ" ಎಂದರು. ಪೂರ್ವಾಳಿಗೆ ಹೇಳಿದೆ. ಸಿಟ್ಟಿಲ್ಲದೆ, ನನ್ನನ್ನು ಸಮಾಧಾನ ಮಾಡುವವಳಂತೆ, "ಈಗ ಬ್ಯಾಡವ್ವಾ. ನನಗ ಇಲ್ಲೇ ರೂಢಿ ಆಗೈತಿ" ಎಂದಳು. ಅವಳ ಕಾಲೇಜು, ಗೆಳತಿಯರು ಎಲ್ಲ ಇಲ್ಲೇ. ಈಗ ನಾವು ಊರಿಗೆ ಮರಳಿದರೆ ಅವಳು ದಿನಾ ಖಾನಾಪುರಕ್ಕೆ ಹೋಗಿಬರಬೇಕಾಗುತ್ತದೆ.

ನಿಮ್ಮನ್ನು ನೋಡಲು ಬರುತ್ತಾಳಂತೆ. ಯಾವಾಗ ಎಂದು ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಮೇಘಾ


ಶಹಾಪುರ
15 ಜುಲೈ 2025

ಮೇಘಾ,

ಪೂರ್ವಾ ರವಿವಾರ ಬಂದಿದ್ದಳು. ನಿನಗೆ ಹೇಳಿರುತ್ತಾಳೆ, ಆದರೆ ಅವಳು ಎಷ್ಟು ಹೇಳುತ್ತಾಳೆಂದು ನನಗೆ ಗೊತ್ತಿಲ್ಲ.

ಹನ್ನೊಂದರ ಸುಮಾರಿಗೆ ಬಂದಳು. ನಿಮ್ಮ ಭಾವನವರು ಮಗ್ಗಗಳನ್ನೆಲ್ಲ ನಿಲ್ಲಿಸಿದರು. ನನಗೇನು, ನಡೆದರೂ ಅಷ್ಟೇ ನಿಂತರೂ ಅಷ್ಟೇ, ಅವರು ನಿಲ್ಲಿಸಿದ್ದು ತಮ್ಮ ಸಮಾಧಾನಕ್ಕೆ. ಅವಳ ಎದುರಿಗೆ ಬಂದು, "ತಪ್ಪಾತವ್ವಾ ನಂದು" ಎಂದರು. ಅವಳು ಅವರ ಕಾಲಿಗೆ ಬಿದ್ದಳು. ಅವರು ಹೊರಗೆ ಹೋಗಿ, ತಾಸು ಬಿಟ್ಟು ಕುಂದಾ ಮಿಠಾಯಿಯ ಪೊಟ್ಟಣ ಹಿಡಿದು ಬಂದರು.

ಅವಳಿಗೆ ಹೇಳಬೇಕಾದ ಮಾತುಗಳನ್ನೆಲ್ಲ ನಾನು ಹಿಂದಿನ ದಿನವೇ ಹಾಳೆಯಲ್ಲಿ ಬರೆದಿಟ್ಟಿದ್ದೆ. ಕೊಡಲು ಹೋದರೆ ಮಡಚಿ ನನ್ನ ಕೈಯಲ್ಲೇ ಇಟ್ಟಳು. ರೊಟ್ಟಿ, ಮಡಿಕೆಕಾಳಿನ ಪಲ್ಯ ಉಂಡಳು. ಆಮೇಲೆ ನಿಮ್ಮ ಖೋಲಿಗೆ ಹೋಗಿ ಬರೀ ನೆಲದ ಮೇಲೆ ಮಲಗಿದಳು. ಚಾಪೆ ತರುವಷ್ಟರಲ್ಲಿ ನಿದ್ದೆ ಹತ್ತಿತ್ತು. ಮೂರು ತಾಸು ಮಲಗಿದಳು. ನಾನು ಬಾಜೂಕ ಕುಳಿತು ಸೆರಗಿನಿಂದ ನೊಣ ಹೊಡೆಯುತ್ತಿದ್ದೆ. ಭುಜ ಇನ್ನೂ ಗಟ್ಟಿ ಇದೆ ಹುಡುಗಿಯದು. ಅಂಗೈ ಮಾತ್ರ ಮೆತ್ತಗಾಗಿದೆ.

ಎದ್ದು ಮುಖ ತೊಳೆದುಕೊಂಡಳು. "ಇವತ್ತೊಂದಿನ ಇರವ್ವಾ. ನಾಳೆ ಮುಂಜಾನೆ ನಿಮ್ಮ ದೊಡ್ಡಪ್ಪ ಬಿಟ್ಟು ಬರ್ತಾರ" ಎಂದೆ. ಅವಳು ನನ್ನ ಎರಡೂ ಗಲ್ಲ ಹಿಡಿದು, ನನ್ನ ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಸಣ್ಣ ಮಕ್ಕಳಿಗೆ ಕಲಿಸುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು:

"ನಾಳೆ ಕಾಲೇಜಿನಾಗ ಟೆಸ್ಟ್ ಐತಿ ದೊಡ್ಡವ್ವಾ. ನಾ ಹೋಗಬೇಕು."

ಒಂದಕ್ಷರವೂ ತಪ್ಪದೆ ತಿಳಿಯಿತು.

ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ. ಬಸ್ಸು ಆಗಲೇ ತುಂಬಿತ್ತು. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಳು. ಕೂಡಲು ಜಾಗ ಸಿಕ್ಕಿತೋ, ಊರು ಮುಟ್ಟುವ ತನಕ ನಿಂತೇ ಬಂದಳೋ, ಅವಳನ್ನು ಕೇಳಿ ಬರೆ.

ಶಿವಲಿಂಗವ್ವ